ಏನೂ ಆಗದ ಊರಿನ ‘ಮುಂಚಿನ ಚಿತ್ರ’

ನಿಸಾರ್ ಉಪಗ್ರಹದ ಬಗ್ಗೆ ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ಮಾತು ಓಡಾಡ್ತಿವೆ. ಒಂದು, ಭೂಕಂಪ ಆಗೋಕೆ ಮುಂಚೆನೇ ಅದು ಹೇಳಿಬಿಡುತ್ತೆ ಅನ್ನೋದು. ಇದು ಹೆಚ್ಚಾಗಿ ಮನೆಯವರ ವಾಟ್ಸಾಪ್ ಗ್ರೂಪಿನಿಂದ ಹಾಸ್ಟೆಲ್‌ಗೆ ಬಂದ ಮಾತು. ಇನ್ನೊಂದು, ಬೆಂಗಳೂರಿನ ಕೆಳಗಿರೋದು ಗಟ್ಟಿ ಬಂಡೆ, ಇಲ್ಲಿ ಭೂಕಂಪ ಆಗಲ್ಲ, ಅದು ಹಿಮಾಲಯದವರಿಗೆ ಬೇಕಾದ ಉಪಗ್ರಹ, ನಮಗೂ ಅದಕ್ಕೂ ಏನು ಸಂಬಂಧ ಅನ್ನೋದು. ಇದು ನಮ್ಮ ಕ್ಲಾಸಿನವರದ್ದೇ ಮಾತು. ಮೊದಲನೇದು ಪೂರ್ತಿ ತಪ್ಪು. ಎರಡನೇದು ಅರ್ಧ ನಿಜ, ಅದಕ್ಕೇ ಅದು ಹೆಚ್ಚು ಅಪಾಯ.

ನನ್ನ ವಾದ ಸರಳ. ಏನೂ ಆಗದ ಊರನ್ನು, ಏನೂ ಆಗದ ಕಾಲದಲ್ಲೇ ಅಳೆದು ಇಟ್ಟುಕೊಳ್ಳಬೇಕು. ಆ ಅಳತೆ ಈಗ ಪುಕ್ಕಟೆ ಸಿಗ್ತಿದೆ. ಅದನ್ನು ತೆರೆದು ಓದೋ ಕೆಲಸ ನಮ್ಮಂಥ ಕಾಲೇಜುಗಳದ್ದು, ಅದೂ ಎಂಟೆಕ್ ಪಿಎಚ್‌ಡಿಯವರದ್ದು ಮಾತ್ರ ಅಲ್ಲ.

ಹೆಸರಿನ ವಿಷಯ ಮೊದಲು ಮುಗಿಸಿಬಿಡ್ತೀನಿ. ಕನ್ನಡ ಸಂಘದ ಪತ್ರಿಕೆಯಲ್ಲಿ ನಿಸಾರ್ ಅಂತ ಬರೆದರೆ ಎಲ್ಲರಿಗೂ ನೆನಪಾಗೋದು ಕೆ.ಎಸ್. ನಿಸಾರ್ ಅಹಮದ್. ಉಪಗ್ರಹಕ್ಕೂ ಕವಿಗೂ ಸಂಬಂಧ ಇಲ್ಲ. ನಾಸಾ, ಇಸ್ರೊ, ಜೊತೆಗೆ ಸಿಂಥೆಟಿಕ್ ಅಪರ್ಚರ್ ರೇಡಾರ್ ಅನ್ನೋದರ ಮೊದಲ ಅಕ್ಷರಗಳು ಸೇರಿ ಆದ ಹೆಸರು ಅದು. ಆದರೆ ನಮ್ಮ ಕವಿ ಹುಟ್ಟಿದ್ದು 1936ರಲ್ಲಿ, ದೇವನಹಳ್ಳಿಯಲ್ಲಿ. ಕೋಗಿಲು ಕ್ರಾಸಿನಲ್ಲಿ ನಿಂತರೆ ಏರ್‌ಪೋರ್ಟ್ ಬಸ್ಸು ಹೋಗುತ್ತಲ್ಲ, ಅದೇ ದಿಕ್ಕು. ಅವರು ಓದಿದ್ದು ಭೂವಿಜ್ಞಾನ, ಕಾಲೇಜುಗಳಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೂ ಭೂವಿಜ್ಞಾನವನ್ನೇ. ನೆಲ ಅಳೆಯೋ ಉಪಗ್ರಹಕ್ಕೆ ಭೂವಿಜ್ಞಾನದ ಮೇಷ್ಟ್ರ ಹೆಸರೇ ಬಂದಿರೋದು ಕಾಕತಾಳೀಯ ಅಷ್ಟೇ, ಆದರೂ ನನಗೆ ಖುಷಿ.

ಈಗ ಉಪಗ್ರಹದ ಕಡೆ ಬರೋಣ. ಒಪ್ಪಂದಕ್ಕೆ ನಾಸಾ ಮತ್ತು ಇಸ್ರೊ ಸಹಿ ಹಾಕಿದ್ದು 2014ರ ಸೆಪ್ಟೆಂಬರ್ 30ರಂದು. ಆ ತಾರೀಖು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಅದರಲ್ಲಿ ಎರಡು ರೇಡಾರ್ ಇವೆ. ಎಲ್-ಬ್ಯಾಂಡ್ ರೇಡಾರನ್ನು ಕ್ಯಾಲಿಫೋರ್ನಿಯಾದ ಜೆಪಿಎಲ್ ಮಾಡಿತು, ಎಸ್-ಬ್ಯಾಂಡ್ ರೇಡಾರನ್ನು ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಮಾಡಿತು. ಎರಡೂ ಸೇರಿಕೊಂಡು 2023ರ ಮಾರ್ಚಿನಲ್ಲಿ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಬೆಂಗಳೂರಿಗೆ ಬಂದವು. ಉಪಗ್ರಹದ ಉಳಿದ ದೇಹಕ್ಕೆ ಅವನ್ನು ಜೋಡಿಸಿದ್ದು, ಪರೀಕ್ಷೆ ಮಾಡಿದ್ದು ಎಲ್ಲಾ ನಮ್ಮ ಯು.ಆರ್. ರಾವ್ ಉಪಗ್ರಹ ಕೇಂದ್ರದವರು. 12 ಮೀಟರ್ ಅಗಲದ ಬಲೆಯಂಥ ಆಂಟೆನಾ ರಿಫ್ಲೆಕ್ಟರ್ ಇದೆಯಲ್ಲ, ಮಡಚಿಟ್ಟ ಸ್ಥಿತಿಯಲ್ಲಿ ಅದು ಹೆಚ್ಚು ಬಿಸಿಯಾಗಬಹುದು ಅಂತ 2024ರಲ್ಲಿ ವಾಪಸ್ ಕ್ಯಾಲಿಫೋರ್ನಿಯಾಗೆ ಕಳಿಸಿ, ವಿಶೇಷ ಲೇಪನ ಹಾಕಿಸಿಕೊಂಡು, ಅಕ್ಟೋಬರಿನಲ್ಲಿ ಮತ್ತೆ ಬೆಂಗಳೂರಿಗೆ ತಂದರು. ಕೊನೆಗೆ 2025ರ ಜುಲೈ 30ರ ಸಂಜೆ 5:40ಕ್ಕೆ ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್16 ಮೇಲೆ ಹೊರಟಿತು. ಆ ರಿಫ್ಲೆಕ್ಟರ್ ಆಕಾಶದಲ್ಲಿ ಕೊಡೆ ಥರ ಬಿಚ್ಚಿಕೊಂಡಿದ್ದು ಆಗಸ್ಟ್ 15ರಂದು.

ಎರಡು ವರ್ಷಕ್ಕೂ ಹೆಚ್ಚು ಕಾಲ ಅದು ಇದೇ ಊರಿನಲ್ಲಿತ್ತು. ಹೆಬ್ಬಾಳ ದಾಟಿ ರಿಂಗ್ ರೋಡ್ ಹಿಡಿದು ಮಾರತಹಳ್ಳಿ ಕಡೆ ಹೋದರೆ ಸಿಗೋ ಕ್ಯಾಂಪಸ್ಸಿನಲ್ಲಿ. ಅಷ್ಟು ಹೊತ್ತಿಗೆ ಅದರ ಬಗ್ಗೆ ನಮ್ಮಲ್ಲಿ ಒಂದು ಮಾತೂ ಇರಲಿಲ್ಲ. ಲಾಂಚ್ ದಿನ ಮಾತ್ರ ಎಲ್ಲರ ಫೋನಿನಲ್ಲೂ ಲೈವ್ ಓಡಿತು, ಸ್ಟೇಟಸ್ಸಿನಲ್ಲಿ ರಾಕೆಟ್ ಬಂತು, ಮಾರನೇ ದಿನ ಇಂಟರ್ನಲ್ಸ್ ಟೈಮ್ ಟೇಬಲ್ ಬಂತು. ರಾಕೆಟ್ ಹತ್ತೋದು ಹತ್ತೊಂಬತ್ತು ನಿಮಿಷದ ಕೆಲಸ. ಉಪಗ್ರಹದ ಕೆಲಸ ಶುರುವಾಗೋದೇ ಆಮೇಲೆ.

ಆ ಕೆಲಸ ಏನು? ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿನಲ್ಲಿ ನ್ಯೂಟನ್ಸ್ ರಿಂಗ್ಸ್ ಮಾಡಿದ್ದು ನೆನಪಿದೆಯಾ? ಕತ್ತಲೆ ರೂಮು, ಹಳದಿ ಸೋಡಿಯಂ ದೀಪ, ಟ್ರಾವೆಲಿಂಗ್ ಮೈಕ್ರೋಸ್ಕೋಪಿಗೆ ಒಂದು ಕಣ್ಣಿಟ್ಟು ಉಂಗುರ ಎಣಿಸೋದು, ಹನ್ನೆರಡನೇ ಉಂಗುರಕ್ಕೆ ಬಂದಾಗ ಯಾರೋ ಟೇಬಲ್ಲಿಗೆ ತಾಗಿ ಮತ್ತೆ ಮೊದಲಿಂದ ಎಣಿಸೋದು. ನಮ್ಮಲ್ಲಿ ಬಹಳ ಜನ ಸೀನಿಯರ್ ರೆಕಾರ್ಡಿನ ರೀಡಿಂಗ್ ನೋಡಿ ಮುಗಿಸಿದ ಪ್ರಯೋಗ ಅದು. ಆದರೆ ಒಳಗಿನ ವಿಷಯ ಚೆನ್ನಾಗಿದೆ. ಲೆನ್ಸಿಗೂ ಗಾಜಿಗೂ ನಡುವಿನ ಸಂದು ಅರ್ಧ ತರಂಗದಷ್ಟು ಬದಲಾದರೆ ಒಂದು ಹೊಸ ಉಂಗುರ. ಬೆಳಕು ಹೋಗಿ ಬರೋದರಿಂದ ಅರ್ಧ. ಉಂಗುರ ಎಣಿಸಿದರೆ ಸಂದು ಎಷ್ಟು ಅಂತ ಗೊತ್ತಾಗುತ್ತೆ, ಸ್ಕೇಲ್ ಹಿಡಿದು ಅಳೆಯೋಕೆ ಆಗದಷ್ಟು ಸಣ್ಣದಾದರೂ.

ಉಪಗ್ರಹ ಮಾಡೋದೂ ಅದನ್ನೇ, 747 ಕಿ.ಮೀ. ಮೇಲಿನಿಂದ. ರೇಡಾರ್ ತರಂಗ ಕೆಳಗೆ ಕಳಿಸುತ್ತೆ, ನೆಲಕ್ಕೆ ಬಡಿದು ವಾಪಸ್ ಬಂದದ್ದನ್ನು ಹಿಡಿಯುತ್ತೆ. ಎಷ್ಟು ಜೋರಾಗಿ ಬಂತು ಅನ್ನೋದರ ಜೊತೆ, ಯಾವ ಫೇಸ್‌ನಲ್ಲಿ ಬಂತು ಅನ್ನೋದನ್ನೂ ಬರೆದಿಡುತ್ತೆ. 12 ದಿನ ಆದ ಮೇಲೆ ಹೆಚ್ಚು ಕಡಿಮೆ ಅದೇ ಜಾಗಕ್ಕೆ ಬಂದು ಮತ್ತೆ ಅದೇ ಕೆಲಸ. ಎರಡು ಸಲದ ಫೇಸ್‌ಗಳನ್ನು ಒಂದರಿಂದ ಒಂದು ಕಳೆದರೆ ಉಳಿಯೋದು ನೆಲ ಎಷ್ಟು ಸರಿದಿದೆ ಅನ್ನೋ ಸುದ್ದಿ. ಇದಕ್ಕೆ ಇನ್‌ಸಾರ್ ಅಂತ ಹೆಸರು. ಎಲ್-ಬ್ಯಾಂಡ್ ತರಂಗ ಸುಮಾರು 24 ಸೆಂ.ಮೀ. ಉದ್ದ, ಹಾಗಾಗಿ ನೆಲ ಉಪಗ್ರಹದ ಕಡೆಗೋ ಅದರಿಂದ ದೂರಕ್ಕೋ 12 ಸೆಂ.ಮೀ. ಸರಿದರೆ ಚಿತ್ರದಲ್ಲಿ ಬಣ್ಣಗಳ ಒಂದು ಪೂರ್ತಿ ಸುತ್ತು. ಆ ಸುತ್ತಿನ ಸಣ್ಣ ಭಾಗವನ್ನೂ ಓದಬಹುದಾದ್ದರಿಂದ ಒಂದೆರಡು ಸೆಂ.ಮೀ. ಸರಿದರೂ ಗೊತ್ತಾಗುತ್ತೆ. ವರ್ಷಗಟ್ಟಲೆಯ ಚಿತ್ರಗಳನ್ನು ಒಟ್ಟಿಗೆ ಇಟ್ಟರೆ ವರ್ಷಕ್ಕೆ ಕೆಲವು ಮಿ.ಮೀ. ಮಟ್ಟಕ್ಕೂ ಇಳಿಯಬಹುದು. ಇನ್ನು ಸಿಂಥೆಟಿಕ್ ಅಪರ್ಚರ್ ಅನ್ನೋ ಹೆಸರಿನ ಗುಟ್ಟು: ಅಷ್ಟು ಮೇಲಿನಿಂದ ನೆಲದ ಮೇಲಿನ 10 ಮೀಟರ್ ವಿವರ ನೋಡೋಕೆ ನಿಜವಾಗಿ ಸುಮಾರು 19 ಕಿ.ಮೀ. ಉದ್ದದ ಆಂಟೆನಾ ಬೇಕು, ಕೋಗಿಲು ಕ್ರಾಸಿನಿಂದ ಶುರುಮಾಡಿದರೆ ಮೆಜೆಸ್ಟಿಕ್ ದಾಟೋ ಅಷ್ಟು. ಅದರ ಬದಲು 12 ಮೀಟರಿನ ಆಂಟೆನಾ ಓಡುತ್ತಾ ಓಡುತ್ತಾ ಹಿಡಿದ ಸಿಗ್ನಲ್‌ಗಳನ್ನು ಲೆಕ್ಕದಲ್ಲಿ ಸೇರಿಸಿ ಉದ್ದದ ಆಂಟೆನಾ ಇದ್ದಹಾಗೆ ಮಾಡಿಕೊಳ್ಳುತ್ತಾರೆ. ಸಿಗ್ನಲ್ಸ್ ಆಂಡ್ ಸಿಸ್ಟಮ್ಸ್ ಯಾಕೆ ಓದಬೇಕು ಅಂತ ಕೇಳೋ ಇಸಿ ಗೆಳೆಯರಿಗೆ ಇದೊಂದು ಉತ್ತರ.

ಇದೆಲ್ಲಾ ಹೊಸದಲ್ಲ. 1992ರ ಜೂನ್ 28ರಂದು ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಅನ್ನೋ ಕಡೆ 7.3ರ ಭೂಕಂಪ ಆಯಿತು. ಯೂರೋಪಿನ ಇಆರ್‌ಎಸ್-1 ಉಪಗ್ರಹ ಅದಕ್ಕೆ ಮುಂಚೆಯೂ ಆಮೇಲೂ ಆ ಮರುಭೂಮಿಯ ರೇಡಾರ್ ಚಿತ್ರ ತೆಗೆದಿತ್ತು. ಫ್ರಾನ್ಸಿನ ದಿದಿಯೆ ಮಾಸೊನೆ ಮತ್ತು ಜೊತೆಗಾರರು ಎರಡನ್ನೂ ಕಳೆದು ನೋಡಿದರು. ಬಿರುಕಿನ ಸುತ್ತ ಬೆರಳಚ್ಚಿನ ಗೆರೆಗಳ ಥರ ಉಂಗುರಗಳು, ಒಂದೊಂದು ಉಂಗುರವೂ 28 ಮಿ.ಮೀ. ಚಲನೆ. ‘ನೇಚರ್’ ಪತ್ರಿಕೆ ಅದನ್ನು ಮುಖಪುಟದಲ್ಲಿ ಹಾಕಿತು. ಅದು 1993ರ ಜುಲೈ. ಭೂಕಂಪ ನೆಲವನ್ನು ಹೇಗೆ ತಿರುಚುತ್ತೆ ಅಂತ ಇಡೀ ನಕ್ಷೆಯಾಗಿ ಪ್ರಪಂಚ ನೋಡಿದ್ದು ಅದೇ ಮೊದಲು.

ಅದಾಗಿ ಮೂರು ತಿಂಗಳೂ ಆಗಿರಲಿಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೇನು ಕೆಲವು ನಿಮಿಷ. ಹಿಂದಿನ ದಿನವಷ್ಟೇ ಗಣೇಶನನ್ನು ಬಿಟ್ಟು ಬಂದು ಜನ ಮಲಗಿದ್ದರು. ಬೀದರ್, ಕಲಬುರಗಿಯ ಗಡಿಯಾಚೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ತೀವ್ರತೆ ಸುಮಾರು 6.2. ಹಿಮಾಲಯದ ಲೆಕ್ಕದಲ್ಲಿ ದೊಡ್ಡದಲ್ಲ. ಆದರೆ ಕೇಂದ್ರ ತುಂಬಾ ಮೇಲೇ ಇತ್ತು, ಮನೆಗಳು ದಪ್ಪ ಕಲ್ಲು ಮಣ್ಣಿನ ಗೋಡೆಯವು, ಮೇಲೆ ಭಾರದ ಮಣ್ಣಿನ ಮಾಳಿಗೆ. ಸತ್ತವರು ಸುಮಾರು 10 ಸಾವಿರ.

ನನ್ನ ರೂಂಮೇಟ್ ಹುಮನಾಬಾದ್ ಕಡೆಯವನು. ಅವನು ಹುಟ್ಟೋಕೆ ಎಷ್ಟೋ ವರ್ಷ ಮುಂಚಿನ ಕಥೆ, ಆದರೂ ಅವರ ಮನೆಯಲ್ಲಿ ಇವತ್ತಿಗೂ ಅದು ನಿನ್ನೆ ಮೊನ್ನೆಯದು. ಅವನ ಆಯಿ, ಅಂದರೆ ಅಜ್ಜಿ, ಆಮೇಲೆ ಎಷ್ಟೋ ದಿನ ಮನೆಯೊಳಗೆ ಮಲಗಲೇ ಇಲ್ಲವಂತೆ. ಅಂಗಳದಲ್ಲೇ ಕಂಬಳಿ ಹಾಸಿಕೊಂಡು, ಮಕ್ಕಳನ್ನ ಪಕ್ಕದಲ್ಲಿ ಮಲಗಿಸಿಕೊಂಡು. “ನಮ್ಮ ಕಡಿ ಭೂಮಿ ನಡಗ್ತದಂತ ಯಾರ್ ಹೇಳಿದ್ರು?” ಅಂತ ಅವರು ಈಗಲೂ ಕೇಳ್ತಾರಂತೆ.

ಆಯಿ ಕೇಳೋ ಪ್ರಶ್ನೆಗೆ ಉತ್ತರ ಇದೆ: ಯಾರೂ ಹೇಳಿರಲಿಲ್ಲ. ಆಗಿನ ಭೂಕಂಪ ನಕ್ಷೆಯಲ್ಲಿ ಒಂದರಿಂದ ಐದು ವಲಯ ಇದ್ದವು. ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಎಲ್ಲಕ್ಕಿಂತ ಕಡಿಮೆ ಅಪಾಯದ ಪಟ್ಟಿಯಲ್ಲಿ. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿ ಎರಡಕ್ಕೆ ಸೇರಿಸಿದರು. ಆ ನಕ್ಷೆಯಲ್ಲಿ ಬೆಂಗಳೂರು ಎರಡನೇ ವಲಯ, ಅಂದರೆ ಅದರಲ್ಲಿ ಉಳಿದ ವಲಯಗಳಲ್ಲಿ ಅತಿ ಕಡಿಮೆ. “ನಮ್ಮದು ಝೋನ್ ಟೂ ಮಗಾ” ಅಂತ ಧೈರ್ಯವಾಗಿ ಹೇಳೋರು ಈ ಇತಿಹಾಸ ಒಂದು ಸಲ ಓದಬೇಕು. ಬೆಂಗಳೂರಿಗೂ ಕಿಲ್ಲಾರಿಯ ಗತಿ ಬರುತ್ತೆ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋಕೆ ಆಧಾರವೂ ಇಲ್ಲ. ಕಡಿಮೆ ಅಪಾಯ ಅನ್ನೋದು ಬೇರೆ, ಅಳೆಯೋ ಅಗತ್ಯವೇ ಇಲ್ಲ ಅನ್ನೋದು ಬೇರೆ. ನಾವು ಮೊದಲನೇದನ್ನು ಕೇಳಿ ಎರಡನೇದನ್ನು ಅರ್ಥ ಮಾಡಿಕೊಂಡಿದ್ದೀವಿ.

ಲ್ಯಾಂಡರ್ಸ್‌ನ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಉಂಗುರ ಅಲ್ಲ, ‘ಮುಂಚಿನ ಚಿತ್ರ’. ಭೂಕಂಪ ಆದ ಮೇಲೆ ಆಮೇಲಿನ ಚಿತ್ರ ಯಾರು ಬೇಕಾದರೂ ತೆಗೀಬಹುದು, ಎಲ್ಲಾ ದೇಶದ ಉಪಗ್ರಹಗಳೂ ಆ ಕಡೆ ತಿರುಗುತ್ತವೆ. ಮುಂಚಿನ ಚಿತ್ರವನ್ನು ಆಮೇಲೆ ತೆಗೆಯೋಕೆ ಆಗಲ್ಲ. ಪಿಜಿಗೆ ಸೇರಿದ ದಿನವೇ ಗೋಡೆಯ ಬಿರುಕು, ಬಾತ್‌ರೂಮಿನ ಟೈಲ್ಸು ಎಲ್ಲಾ ಫೋಟೊ ತೆಗೆದಿಟ್ಟುಕೊಂಡವನಿಗೆ ಖಾಲಿ ಮಾಡುವಾಗ ಡೆಪಾಸಿಟ್ ಪೂರ್ತಿ ಸಿಗುತ್ತೆ. ಆ ಫೋಟೊ ತೆಗೆಯುವಾಗ ಪಕ್ಕದವರೆಲ್ಲ ನಕ್ಕಿರ್ತಾರೆ. ನೆಲದ ಕಥೆಯೂ ಅಷ್ಟೇ. ಹಿಂದಿನ ಎಷ್ಟೋ ರೇಡಾರ್ ಉಪಗ್ರಹಗಳು ಯಾರಾದರೂ ಕೇಳಿದ ಜಾಗವನ್ನೇ ಹೆಚ್ಚಾಗಿ ನೋಡುತ್ತಿದ್ದವು. ಬೇಸರದ ಊರುಗಳನ್ನು ಯಾರು ಕೇಳ್ತಾರೆ? 2014ರಲ್ಲಿ ಯೂರೋಪಿನ ಸೆಂಟಿನೆಲ್-1 ಬಂದ ಮೇಲೆ ಇದು ಬದಲಾಯಿತು. ನಿಸಾರ್ ಬಂದ ಮೇಲೆ ಭೂಮಿಯ ಹೆಚ್ಚೂ ಕಡಿಮೆ ಎಲ್ಲಾ ನೆಲವನ್ನೂ 12 ದಿನಕ್ಕೆ ಎರಡು ಸಲ, ಒಮ್ಮೆ ಮೇಲಕ್ಕೆ ಹೋಗುವಾಗ ಒಮ್ಮೆ ಕೆಳಕ್ಕೆ ಬರುವಾಗ, ನೋಡುವ ವ್ಯವಸ್ಥೆ ಆಗಿದೆ. ಒಂದು ಸಲಕ್ಕೆ 240 ಕಿ.ಮೀ. ಅಗಲದ ಪಟ್ಟಿ. ಕಿಲ್ಲಾರಿಯೂ ಬರುತ್ತೆ, ಕೋಗಿಲೂ ಬರುತ್ತೆ. ಕಿಲ್ಲಾರಿಯ ಇಪ್ಪತ್ತೊಂದನೇ ವರ್ಷದ ದಿನವೇ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೇಕಂತ ಮಾಡಿದ್ದೇನಲ್ಲ. ತಾರೀಖು ನೋಡಿದಾಗ ನಾನು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಹಾಗಾದರೆ ವಾಟ್ಸಾಪ್ ಮಾತು? ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಭೂಕಂಪ ಅಂತ ಯಾವ ಉಪಗ್ರಹವೂ ಹೇಳಲ್ಲ. ಇನ್‌ಸಾರ್ ತೋರಿಸೋದು ಎರಡು ವಿಷಯ. ಒಂದು, ದೊಡ್ಡ ಬಿರುಕುಗಳ ಅಕ್ಕಪಕ್ಕದ ನೆಲ ವರ್ಷದಿಂದ ವರ್ಷಕ್ಕೆ ಎಷ್ಟು ಬಾಗ್ತಿದೆ, ಎಲ್ಲಿ ಒತ್ತಡ ಸೇರ್ತಿದೆ ಅನ್ನೋದು. ಎರಡು, ಭೂಕಂಪ ಆದ ಮೇಲೆ ಒಳಗೆ ಯಾವ ಭಾಗ ಮುರಿದಿದೆ, ಯಾವ ಭಾಗ ಇನ್ನೂ ಹಿಡಿದುಕೊಂಡಿದೆ ಅನ್ನೋದು. 2015ರ ಏಪ್ರಿಲ್ 25ರ ನೇಪಾಳದ 7.8ರ ಭೂಕಂಪದಲ್ಲಿ ಬಿರುಕು ನೆಲದ ಮೇಲಕ್ಕೆ ಬರಲೇ ಇಲ್ಲ. ಹೊಲದಲ್ಲಿ ನಡೆದು ಹುಡುಕಿದರೂ ಸಿಗುವಂಥದ್ದಲ್ಲ. ಆದರೆ ಕಠ್ಮಂಡು ಸುತ್ತಮುತ್ತಲ ನೆಲ ಸುಮಾರು ಒಂದು ಮೀಟರ್ ಮೇಲೆದ್ದಿದೆ, ಅದರ ಉತ್ತರಕ್ಕೆ ನೆಲ ಇಳಿದಿದೆ ಅಂತ ಸೆಂಟಿನೆಲ್-1 ಚಿತ್ರಗಳು ಕೆಲವೇ ದಿನದಲ್ಲಿ ತೋರಿಸಿದವು. ಮುಂದೆ ಮನೆ ಎಲ್ಲಿ ಕಟ್ಟಬೇಕು, ಎಷ್ಟು ಗಟ್ಟಿ ಕಟ್ಟಬೇಕು ಅಂತ ಯೋಚಿಸೋಕೆ ಇದು ಬೇಕು. ಆದರೆ ಇದು ಜ್ಯೋತಿಷ್ಯ ಅಲ್ಲ. ಜ್ಯೋತಿಷ್ಯ ಅಂತ ಮಾರಿದರೆ, ಮೊದಲ ಭೂಕಂಪ ಹೇಳದೇ ಕೇಳದೇ ಬಂದ ದಿನ ಜನ ಉಪಗ್ರಹವನ್ನೇ ನಂಬಲ್ಲ.

ಇನ್ನೊಂದು ವಿಚಿತ್ರ ನೋಡಿ. ನಾವು ಕೂತಿರೋ ನೆಲ ಸುಮ್ಮನೆ ಇಲ್ಲ. ಯಶವಂತಪುರದ ಪಕ್ಕ ಐಐಎಸ್‌ಸಿ ಕ್ಯಾಂಪಸ್ಸಿನಲ್ಲಿ ಒಂದು ಜಿಪಿಎಸ್ ಕೇಂದ್ರ ಇದೆ, 90ರ ದಶಕದಿಂದ ನಿಂತಲ್ಲೇ ನಿಂತು ಅಳೀತಿದೆ. ಅದರ ಪ್ರಕಾರ ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯದ ಕಡೆ ಸರಿಯುತ್ತಿದೆ. ನನಗೆ ಹತ್ತೊಂಬತ್ತು. ಅಂದರೆ ನಾನು ಹುಟ್ಟಿದ ಮೇಲೆ ಈ ಊರು ಹತ್ತಿರ ಹತ್ತಿರ ಒಂದು ಮೀಟರ್ ಮುಂದೆ ಹೋಗಿದೆ, ನನ್ನನ್ನೂ ಕರೆದುಕೊಂಡು. ಅದರಲ್ಲಿ ವರ್ಷಕ್ಕೆ ಸುಮಾರು 2 ಸೆಂ.ಮೀ. ಹಿಮಾಲಯದಲ್ಲಿ ಒತ್ತಿಕೊಂಡು ಕೂರುತ್ತೆ, ಅಲ್ಲಿನ ಭೂಕಂಪಗಳಿಗೆ ಅದೇ ಬಂಡವಾಳ. ಇಷ್ಟು ದೊಡ್ಡ ಚಲನೆ ನಿಸಾರ್‌ನ ಬೆಂಗಳೂರಿನ ಚಿತ್ರದಲ್ಲಿ ಕಾಣುತ್ತಾ? ಇಲ್ಲ! ಇನ್‌ಸಾರ್ ಒಂದೇ ಚಿತ್ರದೊಳಗೆ ಯಾವ ಜಾಗ ಯಾವ ಜಾಗಕ್ಕಿಂತ ಬೇರೆ ಥರ ಸರಿದಿದೆ ಅಂತ ನೋಡುತ್ತೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ ಎಲ್ಲಾ ಒಂದೇ ಬಸ್ಸಿನಲ್ಲಿ ಕೂತಿರುವಾಗ ಪಕ್ಕದ ಸೀಟಿನವನು ಓಡ್ತಿದ್ದಾನೆ ಅಂತ ಯಾರಿಗೂ ಅನ್ನಿಸಲ್ಲ. ಹಾಗಾಗಿ ಆಕಾಶದ ರೇಡಾರ್ ಜೊತೆ ನೆಲದ ಜಿಪಿಎಸ್ಸೂ ಬೇಕು.

ಮಿತಿ ಇನ್ನೂ ಇವೆ, ಅವನ್ನು ಮುಚ್ಚಿಟ್ಟು ವಾದ ಮಾಡೋದು ನನಗೆ ಇಷ್ಟ ಇಲ್ಲ. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರ ಕಡೆ ಮೂರರ ಆಸುಪಾಸಿನ ಕಂಪನಗಳಾದವು, ಪಾತ್ರೆ ಅಲುಗಾಡಿತು ಅಂತ ಜನ ಆಚೆ ಬಂದರು. ಅಷ್ಟು ಸಣ್ಣದು ಇನ್‌ಸಾರ್‌ಗೆ ಕಾಣಲ್ಲ. ಅದಕ್ಕೆ ಕಂಪನ ಮಾಪಕವೇ ಸರಿ. ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೋಗೋ ರೈಲು ಹತ್ತಿದರೆ ಗೌರಿಬಿದನೂರು ಸಿಗುತ್ತೆ. ಅಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಮಾಪಕಗಳ ಸಾಲೇ ಇದೆ. ದೂರ ದೇಶದ ಅಣುಪರೀಕ್ಷೆಯ ನಡುಕವನ್ನೂ ಹಿಡಿಯೋಕೆ ಅಂತ ಇಟ್ಟದ್ದು. ಇಲ್ಲೇ ಇಷ್ಟು ಹತ್ತಿರ ಅಂಥದ್ದಿದೆ ಅಂತ ಗೊತ್ತಿರೋರು ನಮ್ಮ ಬ್ಯಾಚಿನಲ್ಲಿ ಎಷ್ಟು ಜನ? ಮಲೆನಾಡಿಗೆ ಹೋದರೆ ಬೇರೆ ತೊಂದರೆ. ಎಲೆ, ಗಿಡ 12 ದಿನದಲ್ಲಿ ಬದಲಾಗಿ ಎರಡು ಚಿತ್ರಗಳ ಫೇಸ್ ಹೊಂದಿಕೆ ಆಗಲ್ಲ. ಉದ್ದ ತರಂಗದ ಎಲ್-ಬ್ಯಾಂಡ್ ಎಲೆಗಳ ನಡುವೆ ನುಗ್ಗಿ ಇದನ್ನು ಬಹಳ ಮಟ್ಟಿಗೆ ಸುಧಾರಿಸುತ್ತೆ, ಪೂರ್ತಿ ಅಲ್ಲ. ಬೆಂಗಳೂರು ಈ ವಿಷಯದಲ್ಲಿ ಒಳ್ಳೇ ವಿದ್ಯಾರ್ಥಿ. ಕಟ್ಟಡದ ಮೂಲೆ, ಫ್ಲೈಓವರ್, ಬಳ್ಳಾರಿ ರಸ್ತೆಯ ಮೆಟ್ರೊ ಕಂಬ ಎಲ್ಲಾ ರೇಡಾರನ್ನು ಚೆನ್ನಾಗಿ ವಾಪಸ್ ಕಳಿಸುತ್ತವೆ. ಕೋಗಿಲು ಕೆರೆ ಮಾತ್ರ ಕಪ್ಪಗೆ ಕಾಣುತ್ತೆ. ನಿಂತ ನೀರು ಕನ್ನಡಿ ಥರ ತರಂಗವನ್ನು ಆ ಕಡೆಗೇ ಹಾರಿಸಿಬಿಡುತ್ತೆ.

ಎಲ್ಲಕ್ಕಿಂತ ಮೋಸ ಮಾಡೋದು ಗಾಳಿಯ ತೇವ. ಮಳೆಗಾಲದ ಮೋಡದ ದಿನ ತರಂಗ ಸ್ವಲ್ಪ ನಿಧಾನ ಆಗುತ್ತೆ, ಚಿತ್ರದಲ್ಲಿ ನೆಲವೇ ಕೆಲವು ಸೆಂ.ಮೀ. ಇಳಿದಹಾಗೆ ಕಾಣುತ್ತೆ. ಯಾರೋ ಒಬ್ಬ ಉತ್ಸಾಹಿ ಒಂದೇ ಜೋಡಿ ಚಿತ್ರ ಇಟ್ಟುಕೊಂಡು, ಯಲಹಂಕದ ಮೇಲೆ ಕೆಂಪು ಮಚ್ಚೆ ನೋಡಿ, “ಉತ್ತರ ಬೆಂಗಳೂರು ಕುಸಿಯುತ್ತಿದೆ” ಅಂತ ರೀಲ್ ಹಾಕಿದರೆ ಏನಾಗುತ್ತೆ ಯೋಚಿಸಿ. ಸಾಲ ಮಾಡಿ ಫ್ಲಾಟ್ ತಗೊಂಡವರ ಕಥೆ ಏನು? ಮತ್ತೆ ನೆಲ ನಿಜವಾಗಿ ಇಳಿದರೂ ಅದು ಭೂಗರ್ಭದ ಬಿರುಕಿನಿಂದಲೇ ಆಗಬೇಕಿಲ್ಲ. ದೆಹಲಿ ಏರ್‌ಪೋರ್ಟ್ ಹತ್ತಿರದ ಕಾಪಸ್‌ಹೇಡಾದಲ್ಲಿ ವರ್ಷಕ್ಕೆ 10 ಸೆಂ.ಮೀ.ಗಿಂತ ಹೆಚ್ಚು ನೆಲ ಇಳಿದದ್ದನ್ನು ಇನ್‌ಸಾರ್ ತೋರಿಸಿತು, ಕಾರಣ ಅಂತರ್ಜಲ ಎಳೆದದ್ದು. ಅಲ್ಲಿ ಕೆಳಗಿರೋದು ನದಿ ತಂದ ಮೆಕ್ಕಲು ಮಣ್ಣು, ನೀರು ಹೋದರೆ ಹಿಂಡಿದ ಸ್ಪಂಜಿನಂತೆ ಕುಗ್ಗುತ್ತೆ. ನಮ್ಮದು ಬಂಡೆ. ಕೋಗಿಲಿನಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರ್ ಬರುತ್ತೆ, ಹಾಗಂತ ದೆಹಲಿಯ ಥರವೇ ನೆಲ ಇಳಿಯಬೇಕು ಅಂತೇನಿಲ್ಲ. ಇದನ್ನೆಲ್ಲಾ ಬೇರೆ ಬೇರೆ ಮಾಡೋಕೆ ಹತ್ತಾರು ಜೋಡಿ ಚಿತ್ರ ಬೇಕು, ಮೇಲೆ ಹೋಗುವ ಮತ್ತು ಕೆಳಗೆ ಬರುವ ಎರಡೂ ದಾರಿಯವು ಬೇಕು, ಐಐಎಸ್‌ಸಿಯ ಜಿಪಿಎಸ್ ಜೊತೆ ತಾಳೆ ನೋಡಬೇಕು. ಇದೇ ಕಾರಣಕ್ಕೆ ನಮ್ಮಂಥವರು ಇದನ್ನು ಮುಟ್ಟಬಾರದು ಅಂತ ಕೆಲವರು ಹೇಳ್ತಾರೆ. ನನಗೆ ಇದೇ ಕಾರಣಕ್ಕೆ ಕಲೀಬೇಕು ಅನ್ನಿಸುತ್ತೆ. ಓದೋಕೆ ಬರೋರು ಊರಿನಲ್ಲಿ ನಾಲ್ಕು ಜನ ಇದ್ದರೆ ಆ ರೀಲ್ ಬಂದ ದಿನ ಕಮೆಂಟಿನಲ್ಲಿ ಉತ್ತರ ಕೊಡಬಹುದು.

ಜೋಷಿಮಠ ನೆನಪಿಸಿಕೊಳ್ಳಿ. ಅದು ಹಳೇ ಭೂಕುಸಿತದ ರಾಶಿಯ ಮೇಲೆ ಕೂತಿರೋ ಊರು, ಅಲ್ಲಿನದ್ದು ನೇರ ಭೂಕಂಪದ ಕಥೆ ಅಲ್ಲ. ಆದರೆ ಅಳತೆ ಇದೇ ಥರದ್ದು. 2023ರ ಜನವರಿಯಲ್ಲಿ ಇಸ್ರೊದ ಎನ್‌ಆರ್‌ಎಸ್‌ಸಿ ಉಪಗ್ರಹ ಚಿತ್ರಗಳ ವರದಿ ಹಾಕಿತು: 2022ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸುಮಾರು 9 ಸೆಂ.ಮೀ. ಇಳಿದಿದ್ದ ಊರು, ಡಿಸೆಂಬರ್ 27ರಿಂದ ಜನವರಿ 8ರ ನಡುವಿನ 12 ದಿನದಲ್ಲೇ 5.4 ಸೆಂ.ಮೀ. ಇಳಿದಿತ್ತು. ಅದು ಸುದ್ದಿಯಾಯಿತು. ಸಂಸ್ಥೆಗಳು ಮಾಧ್ಯಮದ ಜೊತೆ ಮಾತಾಡಬಾರದು ಅಂತ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸೂಚನೆ ಕೊಟ್ಟಿತು, ವರದಿ ವೆಬ್‌ಸೈಟಿನಿಂದ ಕಾಣೆಯಾಯಿತು. ಗೊಂದಲ ಆಗಬಾರದು ಅನ್ನೋದು ಅವರು ಕೊಟ್ಟ ಕಾರಣ. ಆ ಕಾರಣದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ, ಮೇಲಿನ ಪ್ಯಾರಾದಲ್ಲಿ ನಾನೇ ಅದನ್ನು ಬರೆದಿದ್ದೀನಿ. ಆದರೆ ಗೊಂದಲಕ್ಕೆ ಮದ್ದು ಅಳತೆಯನ್ನು ಮುಚ್ಚೋದಲ್ಲ, ಅದನ್ನು ಓದೋರನ್ನು ಹೆಚ್ಚು ಮಾಡೋದು. ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಆ 9 ಸೆಂ.ಮೀ. ಇತ್ತಲ್ಲ, ಅದು ಸುದ್ದಿಯಾಗೋಕೆ ಮುಂಚೆಯೇ ಚಿತ್ರಗಳಲ್ಲಿ ಕೂತಿತ್ತು. ನನ್ನನ್ನು ಹೆಚ್ಚು ಕಾಡೋದು ಅದೇ.

ನಿಸಾರ್ ವಿಷಯದಲ್ಲಿ ನಾನು ಮೆಚ್ಚೋದು ಅದರ ಮಾಹಿತಿ ಎಲ್ಲರಿಗೂ ಉಚಿತ ಅನ್ನೋದನ್ನು. ಎಲ್-ಬ್ಯಾಂಡಿನದ್ದು ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿಯ ತಾಣದಲ್ಲಿ, ಎಸ್-ಬ್ಯಾಂಡಿನದ್ದು ನಮ್ಮ ಎನ್‌ಆರ್‌ಎಸ್‌ಸಿಯ ಭೂನಿಧಿಯಲ್ಲಿ. ಸೆಂಟಿನೆಲ್-1ರ 2014ರಿಂದಿನ ಭಂಡಾರವೂ ಉಚಿತ. ಒಂದೊಂದು ಫೈಲು ನಾಲ್ಕು ಜಿಬಿ, ನಮ್ಮ ಹಾಸ್ಟೆಲ್ ವೈಫೈನಲ್ಲಿ ಡೌನ್‌ಲೋಡ್ ಹಾಕಿದರೆ ಸೆಮ್ ಮುಗಿಯುತ್ತೆ ಅಂತ ನೀವು ಹೇಳ್ತೀರ. ಅದಕ್ಕೂ ದಾರಿ ಇದೆ. ಅಲಾಸ್ಕಾದವರದ್ದೇ ಹೈಪ್3 ಅನ್ನೋ ಸೇವೆಯಲ್ಲಿ ಎರಡು ಸೆಂಟಿನೆಲ್ ಚಿತ್ರ ಆರಿಸಿ ಕೊಟ್ಟರೆ ಅವರ ಕಂಪ್ಯೂಟರೇ ಕಳೆಯೋ ಲೆಕ್ಕ ಮಾಡಿ ಉಂಗುರದ ಚಿತ್ರ ಕೊಡುತ್ತೆ, ದುಡ್ಡಿಲ್ಲದೆ. ಅದನ್ನು ತೆರೆಯೋಕೆ ನಮ್ಮ 8 ಜಿಬಿ ಲ್ಯಾಪ್‌ಟಾಪ್ ಸಾಕು. ಮುಂದೆ ಹೋಗಬೇಕು ಅನ್ನಿಸಿದರೆ ಮಿಂಟ್‌ಪೈ ಇದೆ, ಅದೂ ಉಚಿತ, ಪೈಥಾನ್ ಗೊತ್ತಿರೋರಿಗೆ ಕಷ್ಟ ಆಗಲ್ಲ.

“ಪ್ಲೇಸ್‌ಮೆಂಟ್‌ಗೆ ಉಪಯೋಗ ಇದೆಯಾ?” ಈ ಪ್ರಶ್ನೆ ಬಂದೇ ಬರುತ್ತೆ. ಗೊತ್ತಿಲ್ಲ ಅನ್ನೋದೇ ಪ್ರಾಮಾಣಿಕ ಉತ್ತರ. ಆದರೆ ಮಿನಿ ಪ್ರಾಜೆಕ್ಟ್ ಅಂತ ಪ್ರತಿ ವರ್ಷ ಅದೇ ಅಟೆಂಡೆನ್ಸ್ ಆ್ಯಪ್, ಅದೇ ಗಿಡಕ್ಕೆ ನೀರು ಹಾಕೋ ಆರ್ಡಿನೊ ಮಾಡ್ತೀವಲ್ಲ, ಅದಕ್ಕಿಂತ ಕಡಿಮೆ ಉಪಯೋಗ ಅಂತೂ ಆಗಲ್ಲ. ಸಿವಿಲ್‌ನವರಿಗೆ ನೆಲ, ಇಸಿಯವರಿಗೆ ಫೇಸ್, ಸಿಎಸ್‌ನವರಿಗೆ ರಾಶಿ ರಾಶಿ ಡೇಟಾ. ಮೂರೂ ಬ್ರಾಂಚು ಒಂದೇ ಟೇಬಲ್ಲಿಗೆ ಕೂರೋ ವಿಷಯ ನಮ್ಮಲ್ಲಿ ಎಷ್ಟಿವೆ?

ನನ್ನ ಸಲಹೆ ಸಣ್ಣದು. ಕೋಗಿಲಿನಿಂದ ಗೌರಿಬಿದನೂರು, ಚಿಕ್ಕಬಳ್ಳಾಪುರದವರೆಗಿನ ಒಂದೇ ಒಂದು ತುಂಡು ನೆಲ ತಗೊಳ್ಳೋಣ. ತಿಂಗಳಿಗೆ ಒಂದು ಜೋಡಿ ಚಿತ್ರ. ಮಳೆಗಾಲದ್ದು ಬೇರೆ, ಬೇಸಿಗೆಯದ್ದು ಬೇರೆ ಇಡೋಣ. ಏನು ಕಂಡಿತು, ಏನು ಕಾಣಲಿಲ್ಲ, ಯಾವುದು ಮೋಡದ ಮೋಸ ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಇದೇ ಪತ್ರಿಕೆಯಲ್ಲಿ ಹಾಕೋಣ. ಹೆಚ್ಚಿನ ತಿಂಗಳು ಬರೆಯೋದು “ಏನೂ ಆಗಿಲ್ಲ” ಅಂತಲೇ ಇರುತ್ತೆ. ಬೇಸರ ಆಗುತ್ತೆ, ಗೊತ್ತು. ನಾವು ಪಾಸಾಗಿ ಹೋದ ಮೇಲೆ ಜೂನಿಯರ್ಸ್ ಮುಂದುವರಿಸಲಿ. ರೂಂಮೇಟ್ ಕಿಲ್ಲಾರಿ ಕಡೆಯ ಇನ್ನೊಂದು ತುಂಡು ತಾನು ನೋಡ್ಕೋತೀನಿ ಅಂದಿದ್ದಾನೆ, ಆಯಿಗೆ ತೋರಿಸೋಕೆ.

ಮೊದಲ ಜೋಡಿ ಗುರುವಾರ ಸಂಜೆ ನಾಲ್ಕೂವರೆಗೆ, ಕನ್ನಡ ಸಂಘದ ರೂಮಿನಲ್ಲಿ. ಯಾವ ಬ್ರಾಂಚ್ ಆದರೂ ಬನ್ನಿ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡೇ ಬನ್ನಿ, ಆ ರೂಮಿನಲ್ಲಿ ಪ್ಲಗ್ ಪಾಯಿಂಟ್ ಇರೋದು ಎರಡೇ, ಅದರಲ್ಲಿ ಒಂದು ಫ್ಯಾನಿಗೆ ಹೋಗಿದೆ.